ಕಗ್ಗಲ್ಲಿನೊಳಗೆ ನೀರು ಹೇಗೆ ನಡೆಯುತ್ತದೆ?

ಬೋರ್ ಕೊರೆಯುವ ರಿಗ್ಗಿನಿಂದ ಮೊದಲು ಹೊರಬೀಳುವುದು ಕೆಂಪು ಮಣ್ಣು. ಆಮೇಲೆ ಬೆಣಚುಕಲ್ಲಿನ ಚೂರು ಬೆರೆತ ಗರಸು. ಇನ್ನೂ ಇಳಿದರೆ, ಕೈಯಲ್ಲಿ ಹಿಸುಕಿದರೆ ಪುಡಿಯಾಗುವ, ಆದರೂ ಮೂಲ ಕಲ್ಲಿನ ಕಪ್ಪುಬಿಳಿ ಪಟ್ಟಿಗಳನ್ನು ಕಳೆದುಕೊಳ್ಳದ ಕೊಳೆತ ಕಲ್ಲು. ಅಲ್ಲಿಯವರೆಗೆ ಕೇಸಿಂಗ್ ಪೈಪ್ ಇಳಿಸುತ್ತಾರೆ. ಅದರ ಕೆಳಗೆ ಸುತ್ತಿಗೆಯ ಸದ್ದು ಬದಲಾಗಿ ಬೂದುಬಣ್ಣದ ಒಣ ಧೂಳು ಏಳತೊಡಗುತ್ತದೆ. ನಾಗಮಂಗಲದ ಬಿಂಡಿಗನವಿಲೆಯಲ್ಲಾಗಲಿ, ಕೆ.ಆರ್. ಪೇಟೆಯ ಸಂತೆಬಾಚಹಳ್ಳಿಯಲ್ಲಾಗಲಿ, ಹೊಲದ ಬದುವಿನಲ್ಲಿ ನಿಂತವರ ಕಣ್ಣೆಲ್ಲ ಆ ಧೂಳಿನ ಮೇಲೆ. ಧೂಳು ಒದ್ದೆಯಾಗಿ ಉಂಡೆ ಕಟ್ಟಿದರೆ ಸೆಲೆ ತಗುಲಿತೆಂದು ಅರ್ಥ; ನೀರು ಚಿಮ್ಮಿದರೆ ಎಷ್ಟು ಇಂಚು ಎಂಬ ಲೆಕ್ಕ. ಚಿಮ್ಮದಿದ್ದರೆ ಇನ್ನೂ ನೂರು ಅಡಿ, ಅದಕ್ಕೆ ಇನ್ನಷ್ಟು ಸಾಲ.

ಹಾಗೆ ಚಿಮ್ಮಿದ ನೀರು ಅದುವರೆಗೆ ಎಲ್ಲಿತ್ತು, ಬಿರುಕಿಗೆ ಹೇಗೆ ಬಂತು, ಬರುವ ಬೇಸಗೆಯಲ್ಲೂ ಬರುತ್ತದೆಯೇ? ಈ ಪ್ರಶ್ನೆಗೆ ನೂರೈವತ್ತು ವರ್ಷಕ್ಕೂ ಮೀರಿದ ಚರಿತ್ರೆಯಿದೆ, ಉತ್ತರಗಳಲ್ಲಿ ಒಮ್ಮತವಿಲ್ಲ. ಕಲ್ಲಿನ ರಂಧ್ರಗಳಲ್ಲಿ ದ್ರವ ಹರಿಯುವ ಬಗೆಯನ್ನು ಕುರಿತ ಶಾಸ್ತ್ರದ ಬಹುಪಾಲು ಬೆಳೆದದ್ದು ಪೆಟ್ರೋಲಿಯಂ ಬಾವಿಗಳ ಸುತ್ತ. ಇತ್ತೀಚಿನ ಅಧ್ಯಾಯ ಅಮೆರಿಕದ ಶೇಲ್ ಕಲ್ಲಿನದು. ಮಂಡ್ಯ ಜಿಲ್ಲೆಯಲ್ಲಿ ಶೇಲ್ ಇಲ್ಲ, ಎಣ್ಣೆಯೂ ಇಲ್ಲ. ಆದರೆ ಬಿಗಿಯಾದ ಕಲ್ಲಿನಿಂದ ದ್ರವ ಹೊರಬರುವುದು ಹೇಗೆಂಬ ಪ್ರಶ್ನೆ ಇಲ್ಲಿಯೂ ಅದೇ, ಮತ್ತು ಇಲ್ಲಿ ಅದು ಸಾವಿರಾರು ಮನೆಗಳ ಬದುಕಿನ ಪ್ರಶ್ನೆ. ಈ ವಾದಗಳ ರಾಶಿಯಲ್ಲಿ ನನಗೆ ಮುಖ್ಯವಾಗಿ ಕಾಣುವ ಎಳೆ ಒಂದು: ನಮ್ಮ ಕಲ್ಲಿನಲ್ಲಿ ನೀರನ್ನು ಹಿಡಿದಿಡುವ ಭಾಗ ಬೇರೆ, ಹರಿಸುವ ಭಾಗ ಬೇರೆ. ಕಣಜ ಒಂದೆಡೆ, ಕಣಜದ ಬಾಯಿ ಇನ್ನೊಂದೆಡೆ. ಬಾಯಿಯನ್ನೇ ಕಣಜವೆಂದು ನಂಬಿದ್ದರಿಂದಲೇ ನಮ್ಮ ಅಂತರ್ಜಲದ ಬಹಳಷ್ಟು ಲೆಕ್ಕ ತಪ್ಪಿದೆ.

ಕಲ್ಲು ಒಂದೇ, ಪಾಡು ಬೇರೆ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಮಂಡ್ಯ ಜಿಲ್ಲೆಯ ಈ ನಾಲ್ಕೂ ತಾಲ್ಲೂಕುಗಳ ಬಹುಭಾಗದ ಅಡಿಗಲ್ಲು ಒಂದೇ ಜಾತಿಯದು. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಡಬ್ಲ್ಯು.ಎಫ್. ಸ್ಮೀತ್ 1916ರಲ್ಲಿ ಅದಕ್ಕೆ ಪೆನಿನ್ಸುಲರ್ ನೈಸ್ ಎಂಬ ಹೆಸರು ಕೊಟ್ಟರು. ಮುನ್ನೂರು ಕೋಟಿ ವರ್ಷಗಳ ಆಸುಪಾಸಿನ ವಯಸ್ಸಿನ ಕಲ್ಲು ಇದು. ನಾಗಮಂಗಲ ಮತ್ತು ಕೆ.ಆರ್. ಪೇಟೆಯ ಕಡೆ ಇದರ ನಡುವೆ ಶಿಸ್ಟ್ ಕಲ್ಲಿನ ಕಿರಿದಾದ ಪಟ್ಟಿಗಳಿವೆ. ಶ್ರೀರಂಗಪಟ್ಟಣದ ಸುತ್ತ ಪೋರ್ಫಿರಿ, ಫೆಲ್ಸೈಟ್ ಡೈಕುಗಳು ನೈಸನ್ನು ಸೀಳಿಕೊಂಡು ಗೋಡೆಗಳಂತೆ ನಿಂತಿವೆ. ಪಾಂಡವಪುರದ ಕುಂತಿಬೆಟ್ಟದಲ್ಲೋ ಮೇಲುಕೋಟೆಯಲ್ಲೋ ಬರಿಗಲ್ಲು ಮೇಲೆದ್ದು ಕಾಣುತ್ತದೆ. ಈ ಕಲ್ಲಿನ ಹೊಸ ತುಂಡೊಂದನ್ನು ಒಡೆದು ನೋಡಿದರೆ ಹರಳುಗಳು ಒಂದಕ್ಕೊಂದು ಬೆಸೆದಿರುತ್ತವೆ. ಒಳಗಿನ ಖಾಲಿ ಜಾಗ ಕಲ್ಲಿನ ಗಾತ್ರದ ನೂರರಲ್ಲಿ ಒಂದು ಪಾಲನ್ನೂ ಮುಟ್ಟುವುದಿಲ್ಲ.

ಕಲ್ಲು ಒಂದೇ ಆದರೂ ನೀರಿನ ಪಾಡು ಒಂದೇ ಅಲ್ಲ. ಶ್ರೀರಂಗಪಟ್ಟಣದಲ್ಲಿ ಕಾವೇರಿಯೇ ಇದೆ, ಬಂಗಾರದೊಡ್ಡಿ, ಚಿಕ್ಕದೇವರಾಯಸಾಗರ, ವಿರಿಜಾ ನಾಲೆಗಳಿವೆ. ಕನ್ನಂಬಾಡಿ ಕಟ್ಟೆಯಿಂದ ಹೊರಟ ವಿಶ್ವೇಶ್ವರಯ್ಯ ನಾಲೆ, ಹಿಂದೆ ಇರ್ವಿನ್ ನಾಲೆ, ಪಾಂಡವಪುರದ ಕೆಳಭಾಗವನ್ನು ಭತ್ತ ಮತ್ತು ಕಬ್ಬಿನ ನಾಡಾಗಿ ಮಾಡಿತು. ಅಲ್ಲಿ ತಗ್ಗಿನ ಗದ್ದೆಗಳ ದೂರು ಜೌಗು, ಸವಳು. ನಾಲೆ ತಲುಪದ ಮೇಲುಕೋಟೆ ಹೋಬಳಿಯ ದಿಣ್ಣೆಗಳಲ್ಲಿ, ನಾಗಮಂಗಲದ ಬಹುಭಾಗದಲ್ಲಿ, ಹೇಮಾವತಿಯಿಂದ ದೂರವಿರುವ ಕೆ.ಆರ್. ಪೇಟೆಯ ಹಳ್ಳಿಗಳಲ್ಲಿ ದೂರು ಅದಕ್ಕೆ ತದ್ವಿರುದ್ಧ: ಬೋರ್ ಬತ್ತಿತು, ಇನ್ನೂ ಆಳಕ್ಕೆ ಹೋಗಬೇಕು. ಮಳೆ ಎರಡೂ ಕಡೆ ವರ್ಷಕ್ಕೆ ಸುಮಾರು 700 ಮಿಲಿಮೀಟರ್. ಒಂದೇ ಕಲ್ಲು, ಹೆಚ್ಚುಕಡಿಮೆ ಒಂದೇ ಮಳೆ, ಆದರೂ ಕೆಲವೇ ಮೈಲಿಗಳ ಅಂತರದಲ್ಲಿ ಒಂದೆಡೆ ನೀರು ಹೆಚ್ಚಾದ ಗೋಳು, ಇನ್ನೊಂದೆಡೆ ಇಲ್ಲವಾದ ಗೋಳು. ಕಲ್ಲಿನೊಳಗಿನ ಹರಿವನ್ನು ವಿವರಿಸಹೊರಟ ಯಾವ ಸಿದ್ಧಾಂತವಾದರೂ ಈ ಎರಡನ್ನೂ ವಿವರಿಸಬೇಕು.

ಮರಳಿನ ನಿಯಮ, ಎಣ್ಣೆಬಾವಿಯ ಪಾಠ

ಶಾಸ್ತ್ರದ ಆರಂಭ ಮರಳಿನಿಂದ. ಫ್ರಾನ್ಸಿನ ದಿಜೋನ್ ನಗರದ ನೀರು ಸರಬರಾಜಿನ ಎಂಜಿನಿಯರ್ ಹೆನ್ರಿ ಡಾರ್ಸಿ 1856ರಲ್ಲಿ ಮರಳು ತುಂಬಿದ ಕೊಳವೆಯೊಳಗೆ ನೀರು ಹರಿಸಿ ಒಂದು ಸರಳ ಸಂಬಂಧ ಕಂಡುಕೊಂಡರು: ನೀರಿನ ಮಟ್ಟದ ಇಳಿಜಾರು ಹೆಚ್ಚಿದಷ್ಟೂ ಹರಿವು ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ, ಎಷ್ಟು ಹೆಚ್ಚುತ್ತದೆ ಎಂಬುದು ಮಾಧ್ಯಮದ ಗುಣಕ್ಕೆ ಬಿಟ್ಟದ್ದು. ಇಂದಿಗೂ ಅಂತರ್ಜಲದ ಲೆಕ್ಕಾಚಾರ ನಿಂತಿರುವುದು ಆ ಬುನಾದಿಯ ಮೇಲೆ. ಆದರೆ ಮರಳಿನಲ್ಲಿ ನೀರು ಹಿಡಿದಿಡುವ ರಂಧ್ರವೂ ಹರಿಸುವ ರಂಧ್ರವೂ ಒಂದೇ. ಗಂಗಾ ಬಯಲಿನ ಮೆಕ್ಕಲಿಗೆ ಒಪ್ಪುವ ಈ ಚಿತ್ರವನ್ನು ನೈಸಿಗೆ ಹಾಗೆಯೇ ಅಂಟಿಸಿದಾಗ ತೊಡಕು ಶುರುವಾಯಿತು. ಹತ್ತು ಮಾರು ಅಂತರದಲ್ಲಿ ಕೊರೆದ ಎರಡು ಬೋರ್‌ಗಳಲ್ಲಿ ಒಂದು ಮೂರಿಂಚು ನೀರು ಕೊಟ್ಟು ಇನ್ನೊಂದು ಬರೀ ಧೂಳು ಕಾರುವುದು ಮರಳಿನ ಶಾಸ್ತ್ರಕ್ಕೆ ಅರ್ಥವಾಗುವ ಸಂಗತಿಯಲ್ಲ.

ಬಿರುಕಿನಲ್ಲಿ ನೀರು ನಡೆಯುವ ಬಗೆ ಬೇರೆ. ಎರಡು ನುಣುಪಾದ ಕಲ್ಲುಮೈಗಳ ನಡುವಿನ ಸಂದಿಯಲ್ಲಿ ಹರಿವು ಸಂದಿಯ ಅಗಲದ ಘನಕ್ಕೆ ತಕ್ಕಂತೆ ಬದಲಾಗುತ್ತದೆ. ಅಗಲ ಎರಡರಷ್ಟಾದರೆ ಹರಿವು ಎಂಟರಷ್ಟು; ಅರ್ಧಕ್ಕೆ ಇಳಿದರೆ ಎಂಟರಲ್ಲೊಂದು. ಘನ ನಿಯಮವೆಂದು ಕರೆಯುವ ಇದನ್ನು 1980ರಲ್ಲಿ ವಿದರ್‌ಸ್ಪೂನ್ ಮತ್ತು ಸಂಗಡಿಗರು ನಿಜವಾದ ಕಲ್ಲಿನ ಬಿರುಕುಗಳಲ್ಲಿ ಪರೀಕ್ಷಿಸಿ, ಬಿರುಕಿನ ಮೈ ಒರಟಾಗಿದ್ದರೂ ಸಣ್ಣ ತಿದ್ದುಪಡಿಯೊಂದಿಗೆ ಅದು ಹೊಂದುತ್ತದೆಂದು ತೋರಿಸಿದರು. ಎರಡು ಮಿಲಿಮೀಟರಿನ ಒಂದೇ ಬಿರುಕು ಅರ್ಧ ಮಿಲಿಮೀಟರಿನ ಅರವತ್ತನಾಲ್ಕು ಬಿರುಕುಗಳ ಕೆಲಸ ಮಾಡುತ್ತದೆ. ಬೋರ್ ಕೊರೆಸುವುದು ಜೂಜೆಂದು ಹಳ್ಳಿಗಳಲ್ಲಿ ಹೇಳುವ ಮಾತಿನ ಹಿಂದೆ ಈ ಗಣಿತವಿದೆ. ಆದರೆ ಆ ದೊಡ್ಡ ಬಿರುಕು ಹೆಚ್ಚು ನೀರು ಸಾಗಿಸುತ್ತದೆಂದ ಮಾತ್ರಕ್ಕೆ ಅದರೊಳಗೆ ಹೆಚ್ಚು ನೀರು ಕೂಡಿದೆ ಎಂದಾಗುವುದಿಲ್ಲ. ಎರಡು ಮಿಲಿಮೀಟರಿನ ಸಂದಿಯಲ್ಲಿ ಹಿಡಿಯುವುದೆಷ್ಟು?

ಹರಿಸುವುದು, ಹಿಡಿದಿಡುವುದು ಈ ಎರಡನ್ನು ಬಿಡಿಸಿ ನೋಡಲು ಕಲಿಸಿದ್ದು ಎಣ್ಣೆಬಾವಿಯವರು. 1960ರಲ್ಲಿ ಸೋವಿಯತ್ ಒಕ್ಕೂಟದ ಬ್ಯಾರೆನ್‌ಬ್ಲಾಟ್, ಝೆಲ್ಟೋವ್, ಕೊಚಿನಾ, ಆಮೇಲೆ 1963ರಲ್ಲಿ ಅಮೆರಿಕದ ವಾರನ್ ಮತ್ತು ರೂಟ್ ಇಬ್ಬಗೆಯ ರಂಧ್ರಗಳ ಮಾದರಿಯನ್ನು ಮುಂದಿಟ್ಟರು. ಎಣ್ಣೆ ಕೂಡಿರುವುದು ಕಲ್ಲಿನ ಗಟ್ಟಿಯ ಸಣ್ಣ ರಂಧ್ರಗಳಲ್ಲಿ. ಬಾವಿಗೆ ಬರುವುದು ಬಿರುಕುಗಳ ಮೂಲಕ. ಗಟ್ಟಿಯಿಂದ ಬಿರುಕಿಗೆ ಅದು ನಿಧಾನವಾಗಿ ಒಸರುತ್ತದೆ. ಶೇಲ್ ಈ ಚಿತ್ರವನ್ನು ತುತ್ತತುದಿಗೆ ಒಯ್ದಿತು. ಅಲ್ಲಿ ರಂಧ್ರಗಳ ಅಳತೆ ನ್ಯಾನೊಮೀಟರ್‌ಗಳಲ್ಲಿ. ಸಾಮಾನ್ಯ ಮರಳುಗಲ್ಲಿನ ಎಣ್ಣೆನೆಲೆಯ ಪಾರಗಮ್ಯತೆಯನ್ನು, ಅಂದರೆ ದ್ರವವನ್ನು ಹಾಯಗೊಡುವ ಗುಣವನ್ನು, ಮಿಲಿಡಾರ್ಸಿಗಳಲ್ಲಿ ಹೇಳಿದರೆ ಶೇಲಿನದನ್ನು ಅದರ ಹತ್ತು ಲಕ್ಷದಲ್ಲೊಂದು ಭಾಗವಾದ ನ್ಯಾನೊಡಾರ್ಸಿಗಳಲ್ಲಿ ಹೇಳಬೇಕು. ಅಷ್ಟು ಕಿರಿದಾದ ಜಾಗದಲ್ಲಿ ಅನಿಲದ ಅಣುಗಳು ತಮ್ಮತಮ್ಮಲ್ಲಿ ಡಿಕ್ಕಿಯಾಗುವುದಕ್ಕಿಂತ ಹೆಚ್ಚಾಗಿ ಗೋಡೆಗೆ ಬಡಿಯುತ್ತವೆ, ಎಣ್ಣೆಯ ಅಣುಗಳು ಗೋಡೆಗೆ ಕಚ್ಚಿಕೊಳ್ಳುತ್ತವೆ. ಡಾರ್ಸಿಯ ನಿಯಮ ಅಲ್ಲಿ ಎಷ್ಟರಮಟ್ಟಿಗೆ ನಡೆಯುತ್ತದೆ ಎಂಬ ವಾದ ಇನ್ನೂ ಮುಗಿದಿಲ್ಲ. ಒತ್ತಡದ ದ್ರವದಿಂದ ಕಲ್ಲು ಸೀಳುವ ತಂತ್ರ, ಮೊದಲು 1947ರಲ್ಲಿ ಕ್ಯಾನ್ಸಸ್‌ನಲ್ಲಿ ಪ್ರಯೋಗವಾದದ್ದು, ಇಲ್ಲದಿದ್ದರೆ ಶೇಲಿನಿಂದ ಎಣ್ಣೆ ಬರುತ್ತಲೇ ಇರಲಿಲ್ಲ. ಸೀಳಿದ ಮೇಲೂ ಮೊದಲ ವರ್ಷದಲ್ಲೇ ಇಳುವರಿ ಕಡಿದಾಗಿ ಬೀಳುತ್ತದೆ: ಬಿರುಕಿನಲ್ಲಿದ್ದದ್ದು ಬೇಗ ಖಾಲಿ, ಗಟ್ಟಿಯಲ್ಲಿದ್ದದ್ದು ಬರುವುದು ತಡ.

ಮೊದಲ ವರ್ಷ ಮೂರಿಂಚು ಬಂದು ಎರಡನೆಯ ಬೇಸಗೆಗೆ ತಾಸಿಗೊಮ್ಮೆ ಮೋಟರ್ ನಿಲ್ಲಿಸಬೇಕಾದ ಬೋರ್ ಕಂಡವರಿಗೆ ಈ ಇಳುವರಿಯ ಕಥೆ ಹೊಸದೆನಿಸದು. ಆದರೆ ಹೋಲಿಕೆ ಅಲ್ಲಿಗೆ ನಿಲ್ಲುತ್ತದೆ. ಶೇಲಿನ ಗಟ್ಟಿಯಲ್ಲಿ ಎಣ್ಣೆ ತುಂಬಿದೆ, ಹೊರಬರಲು ಕಷ್ಟ ಅಷ್ಟೆ. ನೈಸಿನ ಗಟ್ಟಿಯಲ್ಲಿ ಹೇಳಿಕೊಳ್ಳುವಂಥ ನೀರೇ ಇಲ್ಲ. ಹಾಗಾದರೆ ಬಿರುಕಿಗೆ ನೀರು ಒದಗಿಸುವುದು ಯಾವುದು? ಇಲ್ಲಿ ವಿದ್ವಾಂಸರ ದಾರಿಗಳು ಕವಲೊಡೆಯುತ್ತವೆ.

ಗರಸಿನ ಪಕ್ಷ

ಮೊದಲ ಪಕ್ಷದ ಪ್ರಕಾರ ನೀರಿನ ಮನೆ ಮೇಲಿನ ಗರಸು ಮತ್ತು ಕೊಳೆತ ಕಲ್ಲು. ಲಕ್ಷಾಂತರ ವರ್ಷ ಮಳೆನೀರು ಇಳಿದಿಳಿದು ನೈಸಿನ ಫೆಲ್ಡ್‌ಸ್ಪಾರ್ ಜೇಡಿಯಾಗಿದೆ, ಅಭ್ರಕ ಸಡಿಲಗೊಂಡಿದೆ, ಹರಳುಗಳ ನಡುವೆ ಸಂದಿ ಬಿಟ್ಟಿದೆ. ಈ ಭಾಗದ ಹಳೆಯ ನೀರಾವರಿಯೆಲ್ಲ ಆ ಪದರವನ್ನೇ ನೆಚ್ಚಿತ್ತು. ಏತ, ಕಪಿಲೆ ಕಟ್ಟಿದ ತೆರೆದ ಬಾವಿಗಳ ತಳ ಗಟ್ಟಿಕಲ್ಲು ಸಿಕ್ಕಲ್ಲಿಗೆ ನಿಲ್ಲುತ್ತಿತ್ತು. ಬಾವಿ ಅಗಲವಾಗಿದ್ದದ್ದು ಸುಮ್ಮನೆ ಅಲ್ಲ: ಗರಸಿನಿಂದ ನೀರು ರಾತ್ರಿಯಿಡೀ ಒಸರಿ ಬೆಳಗಿನ ಹೊತ್ತಿಗೆ ಕೂಡಿಕೊಳ್ಳಲು ಆ ಅಗಲ ಬೇಕಿತ್ತು. ಗಟ್ಟಿಕಲ್ಲಿನ ನಾಡಿನಲ್ಲಿ ಅಂತರ್ಜಲಕ್ಕೆ ಬೆಲೆಯಿದೆ, ಅದನ್ನು ವೈಜ್ಞಾನಿಕವಾಗಿ ಹುಡುಕಬೇಕು ಎಂದು ಕರ್ನಾಟಕದಲ್ಲಿ ಪಟ್ಟು ಹಿಡಿದು ವಾದಿಸಿದವರು ರಾಜ್ಯದ ಭೂವಿಜ್ಞಾನ ಇಲಾಖೆಯ ನಿರ್ದೇಶಕರಾಗಿದ್ದ ಬಿ.ಪಿ. ರಾಧಾಕೃಷ್ಣ. ಕಲ್ಲುನೆಲದಲ್ಲಿ ನೀರೆಲ್ಲಿ ಎಂಬ ಉಪೇಕ್ಷೆ ಇದ್ದ ಕಾಲದಲ್ಲಿ ಆ ವಾದಕ್ಕೆ ಧೈರ್ಯ ಬೇಕಿತ್ತು.

ಈ ಪಕ್ಷದ ಬಲ ಅದರ ಲೆಕ್ಕದಲ್ಲಿದೆ. ಕೇಂದ್ರ ಸರ್ಕಾರದ ಅಂತರ್ಜಲ ಅಂದಾಜು ಸಮಿತಿ 1997ರಲ್ಲಿ ಕೊಟ್ಟ ಸೂಚಿಯಲ್ಲಿ, ಜೇಡಿ ಕಡಿಮೆಯಿರುವ ಶಿಥಿಲ ಗ್ರಾನೈಟ್, ನೈಸ್, ಶಿಸ್ಟುಗಳು ತಮ್ಮ ಗಾತ್ರದ ಶೇಕಡಾ 2ರಿಂದ 4ರಷ್ಟು ನೀರು ಬಿಟ್ಟುಕೊಡುತ್ತವೆ. ಜೇಡಿ ಹೆಚ್ಚಿದ್ದರೆ ಶೇಕಡಾ 1ರಿಂದ 2. ಅರವತ್ತು ಅಡಿ ದಪ್ಪದ ನೆನೆದ ಗರಸು ಶೇಕಡಾ 3ರಂತೆ ಬಿಟ್ಟುಕೊಟ್ಟರೆ ನೆಲದ ಮೇಲೆ ಸುಮಾರು ಎರಡಡಿ ನೀರು ನಿಲ್ಲಿಸಿದಷ್ಟಾಯಿತು. ಕೆಳಗಿನ ಕಲ್ಲಿನ ಬಿರುಕುಗಳೆಲ್ಲ ಸೇರಿ ಸಾವಿರದಲ್ಲೊಂದು ಪಾಲೆಂದು ಹಿಡಿದರೆ, ಮುನ್ನೂರು ಅಡಿ ಕಲ್ಲು ಕೊಡುವುದು ನಾಲ್ಕಿಂಚೂ ಇಲ್ಲ. ಇನ್ನು ಬೋರ್ ಕೊಳವೆಯೊಳಗೆ ನಿಲ್ಲುವ ನೀರು? ಆರೂವರೆ ಇಂಚಿನ ಸಾವಿರ ಅಡಿ ಬೋರ್ ಬಾಯಿವರೆಗೆ ತುಂಬಿದರೂ ಸುಮಾರು 6,500 ಲೀಟರ್, ಒಂದು ಟ್ಯಾಂಕರಿನ ಆಸುಪಾಸು.

ಬಿರುಕಿನ ಪಕ್ಷ

ಗರಸಿನ ಪಕ್ಷಕ್ಕೆ ಎದುರಾದದ್ದು ಯಂತ್ರ. 1960ರ ದಶಕದ ಬರಗಾಲಗಳ ಬೆನ್ನಿಗೆ ಕಲ್ಲನ್ನು ಗಂಟೆಗಳಲ್ಲಿ ಕೊರೆಯುವ ಗಾಳಿಸುತ್ತಿಗೆಯ ರಿಗ್ಗುಗಳು ಭಾರತಕ್ಕೆ ಬಂದವು. ಕುಡಿಯುವ ನೀರಿಗೆಂದು ಅವನ್ನು ತರಿಸುವುದರಲ್ಲಿ ಯುನಿಸೆಫ್ ಪಾಲು ದೊಡ್ಡದು. ತೆರೆದ ಬಾವಿ ತಲುಪಲಾರದ ಆಳದಲ್ಲಿ ನೀರು ಸಿಕ್ಕಿತು. ಭೂಮಿಯ ಒತ್ತಡ, ಎಳೆತಗಳಿಂದ ಕೋಟ್ಯಂತರ ವರ್ಷಗಳ ಹಿಂದೆಯೇ ಕಲ್ಲು ಸೀಳಿದೆ, ಆ ಸೀಳುಗಳ ಸಾಲನ್ನು ಹಿಡಿದರೆ ನೀರು ಸಿಗುತ್ತದೆ ಎಂಬುದು ಈ ಪಕ್ಷ. 1986ರಲ್ಲಿ ಶುರುವಾದ ಕುಡಿಯುವ ನೀರಿನ ತಂತ್ರಜ್ಞಾನ ಮಿಷನ್ ಮತ್ತು ಅದರ ಮುಂದಿನ ಕಾರ್ಯಕ್ರಮಗಳಲ್ಲಿ ಉಪಗ್ರಹ ಚಿತ್ರಗಳಿಂದ ನೇರ ಗೆರೆಗಳನ್ನು ಗುರುತಿಸಿ ನಕ್ಷೆ ಮಾಡಿದರು. ಹಳ್ಳ ನೇರ ಗೆರೆ ಹಿಡಿದು ಹರಿಯುವುದು, ಗಿಡಮರ ಸಾಲು ಹಿಡಿದಿರುವುದು, ಇವೆಲ್ಲ ಬಿರುಕಿನ ಸುಳಿವು. ವಿದ್ಯುತ್ ರೋಧ ಅಳೆಯುವ ಉಪಕರಣ ಹಿಡಿದು ಪಾಯಿಂಟ್ ಗುರುತಿಸುವ ಭೂವಿಜ್ಞಾನಿಗಳ ಕೆಲಸವೂ ಈ ತಿಳಿವಳಿಕೆಯ ಮೇಲೆ ನಡೆಯುತ್ತದೆ.

ಪಕ್ಕಪಕ್ಕದ ಬೋರ್‌ಗಳ ಅಜಗಜಾಂತರವನ್ನು ಈ ಪಕ್ಷ ಚೆನ್ನಾಗಿ ವಿವರಿಸುತ್ತದೆ. ಶ್ರೀರಂಗಪಟ್ಟಣದ ಡೈಕುಗಳಂಥ ರಚನೆಗಳ ಪಾತ್ರವೂ ಇದರಿಂದ ತಿಳಿಯುತ್ತದೆ: ಡೈಕು ಬಿಗಿಯಾಗಿದ್ದರೆ ನೆಲದಡಿಯ ಅಣೆಕಟ್ಟಾಗಿ ಮೇಲ್ಭಾಗದಲ್ಲಿ ನೀರು ನಿಲ್ಲಿಸುತ್ತದೆ, ಅಂಚು ಒಡೆದಿದ್ದರೆ ಅದೇ ನೀರಿನ ದಾರಿಯಾಗುತ್ತದೆ. ಆದರೆ ನಕ್ಷೆಯ ಎಲ್ಲ ಗೆರೆಯೂ ನೀರು ಕೊಡುವುದಿಲ್ಲ. ಎಷ್ಟೋ ಹಳೆಯ ಸೀಳುಗಳನ್ನು ಬೆಣಚುಕಲ್ಲು, ಜೇಡಿ ತುಂಬಿ ಮುಚ್ಚಿವೆ. ಅದಕ್ಕಿಂತ ದೊಡ್ಡ ತೊಂದರೆ, ದಾರಿ ತೋರಿಸುವ ಈ ಪಕ್ಷ ದಾರಿಯಲ್ಲಿ ನಡೆಯುವ ನೀರಿನ ಮೂಲವನ್ನು ಹೇಳುವುದಿಲ್ಲ. ಬೋರ್‌ವೆಲ್‌ಗೆ ಒತ್ತಡದ ನೀರು ನುಗ್ಗಿಸಿ ಬಿರುಕು ಬಿಡಿಸುವ ಹೈಡ್ರೋಫ್ರ್ಯಾಕ್ಚರಿಂಗ್ ಕ್ರಮವನ್ನೇ ನೋಡಿ. ಕುಡಿಯುವ ನೀರಿನ ಬೋರ್‌ಗಳಿಗೆ ಅದು ಎಷ್ಟೋ ಕಡೆ ಜೀವ ಕೊಟ್ಟಿದೆ. ಕಟ್ಟಿಕೊಂಡ ಸಂದಿ ತೆರೆದು ಪಕ್ಕದ ಗರಸಿನ ಸಂಪರ್ಕ ಸಿಕ್ಕಲ್ಲಿ ಫಲ ಬರುತ್ತದೆ. ಸುತ್ತಲ ಗರಸೇ ಒಣಗಿದ್ದಲ್ಲಿ ಎಷ್ಟು ಒತ್ತಡ ಹಾಕಿದರೂ ಹೊಸ ನೀರು ಹುಟ್ಟುವುದಿಲ್ಲ.

ಕೊಳೆಯುವ ಕಲ್ಲೇ ಸೀಳುತ್ತದೆ

ಮೂರನೆಯ ಪಕ್ಷ ಹುಟ್ಟಿದ್ದು ನಮ್ಮ ನೆರೆಯಲ್ಲೇ. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ ಮತ್ತು ಫ್ರಾನ್ಸಿನ ಬಿ.ಆರ್.ಜಿ.ಎಂ. ಸಂಸ್ಥೆಯ ವಿಜ್ಞಾನಿಗಳು ಆ ನಗರದ ದಕ್ಷಿಣಕ್ಕಿರುವ ಮಹೇಶ್ವರಂ ಎಂಬ ಸುಮಾರು 53 ಚದರ ಕಿಲೋಮೀಟರ್ ಜಲಾನಯನವನ್ನು ವರ್ಷಗಟ್ಟಲೆ ಅಳೆದರು. ಮಾರೆಶಾಲ್, ಡೆವಾಂಡೆಲ್, ಸುಬ್ರಹ್ಮಣ್ಯಂ 2004ರಲ್ಲಿ, ಡೆವಾಂಡೆಲ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಫಲಿತಾಂಶ ಎರಡೂ ಪಕ್ಷಗಳನ್ನು ಒಟ್ಟಿಗೆ ಕೆಣಕಿತು. ಅವರ ಪ್ರಕಾರ ನೀರು ಕೊಡುವ ಬಿರುಕುಗಳಲ್ಲಿ ಹೆಚ್ಚಿನವು ಗರಸಿನ ಕೆಳಗೇ, ಮೇಲಿನ ನೂರು ನೂರಿಪ್ಪತ್ತು ಅಡಿಗಳೊಳಗೇ ಇವೆ, ಮತ್ತು ಅವು ಬಹುತೇಕ ಅಡ್ಡಡ್ಡ ಮಲಗಿವೆ. ಅವನ್ನು ಸೀಳಿದ್ದು ಭೂಮಿಯ ಒಳ ಎಳೆತಕ್ಕಿಂತ ಹೆಚ್ಚಾಗಿ ಕೊಳೆಯುವ ಕ್ರಿಯೆ. ನೀರು ತಗುಲಿದ ಕಪ್ಪು ಅಭ್ರಕ ಉಬ್ಬುತ್ತದೆ, ಉಬ್ಬಿದ ಹರಳು ಕಲ್ಲನ್ನು ಪದರಪದರವಾಗಿ ಬಿರಿಸುತ್ತದೆ. ಆಳಕ್ಕೆ ಹೋದಂತೆ ಈ ಬಿರುಕುಗಳು ವಿರಳವಾಗಿ, ಕೊನೆಗೆ ಬಿರುಕಿಲ್ಲದ ಕಲ್ಲು ಸಿಗುತ್ತದೆ.

ಈ ವಾದ ನನಗೆ ಹೆಚ್ಚು ಸಮಂಜಸವಾಗಿ ಕಾಣುವುದಕ್ಕೆ ಕಾರಣವಿದೆ. ಕಣಜ ಮತ್ತು ಬಾಯಿ ಬೇರೆಯಾದರೂ ಎರಡೂ ಒಂದೇ ಪ್ರಕ್ರಿಯೆಯ ಮಕ್ಕಳು, ಒಂದರ ಕೆಳಗೆ ಒಂದು ಇವೆ ಎಂದು ಇದು ಹೇಳುತ್ತದೆ. ನೀರಿನ ಮಟ್ಟ ಗರಸಿನಲ್ಲಿರುವವರೆಗೆ ಬಿರುಕುಗಳಿಗೆ ಮೇಲಿನಿಂದ ಒಸರು ಸಿಗುತ್ತಿರುತ್ತದೆ, ಬೋರ್ ನಿಲ್ಲದೆ ನಡೆಯುತ್ತದೆ. ಮಟ್ಟ ಗರಸಿನ ತಳ ಬಿಟ್ಟು ಇಳಿದ ದಿನದಿಂದ ಬೋರ್ ಬದುಕುವುದು ಬಿರುಕಿನೊಳಗಿನ ಚೂರುಪಾರು ನೀರಿನ ಮೇಲೆ. ಒಂದು ಮಳೆಗೆ ಥಟ್ಟನೆ ಏರುವ, ಹದಿನೈದು ದಿನ ಮೋಟರ್ ಓಡಿಸಿದರೆ ಥಟ್ಟನೆ ಇಳಿಯುವ ಬೋರ್‌ಗಳ ನಡವಳಿಕೆ ಇದರಿಂದ ಸರಳವಾಗಿ ತಿಳಿಯುತ್ತದೆ: ಪಾತ್ರೆ ಚಿಕ್ಕದಾದರೆ ಮಟ್ಟದ ಏರಿಳಿತ ದೊಡ್ಡದು. ಮಹೇಶ್ವರಂ ಗ್ರಾನೈಟಿನ ನೆಲವಲ್ಲವೇ, ಪಟ್ಟಿಪಟ್ಟಿಯ ನೈಸಿಗೆ ಆ ಪಾಠ ಒಪ್ಪುತ್ತದೆಯೇ ಎಂಬ ಆಕ್ಷೇಪ ನ್ಯಾಯವಾದದ್ದೇ. ನೈಸಿನ ಪಟ್ಟಿಗಳು ಕಡಿದಾಗಿ ನಿಂತಲ್ಲಿ ಕೊಳೆತವೂ ಬಿರುಕೂ ಪಟ್ಟಿಯ ಗುಂಟ ಆಳಕ್ಕೆ ಇಳಿಯಬಹುದು, ಶಿಸ್ಟಿನಲ್ಲಿ ಇನ್ನೂ ಆಳಕ್ಕೆ. ಪದರಗಳ ದಪ್ಪ ಬದಲಾದೀತು. ಅವುಗಳ ನಡುವಿನ ಸಂಬಂಧ ಬದಲಾಗಲು ಕಾರಣ ಕಾಣುವುದಿಲ್ಲ.

ಸಾವಿರ ಅಡಿಯ ಆಕ್ಷೇಪ

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ರೈತರದು. ನೂರಿಪ್ಪತ್ತು ಅಡಿಗೇ ಬಿರುಕು ಮುಗಿಯುವುದಾದರೆ ಎಂಟುನೂರು, ಸಾವಿರ ಅಡಿಯಲ್ಲಿ ನೀರು ಸಿಕ್ಕಿರುವುದು ಹೇಗೆ? ಸಿಕ್ಕಿರುವುದು ನಿಜ. ಆಳದಲ್ಲಿ ಭೂಚಲನೆಯ ಸೀಳುಗಳು ವಿರಳವಾಗಿಯಾದರೂ ಇವೆ, ಬಿರುಕಿನ ಪಕ್ಷದ ಮಾತು ಅಷ್ಟರಮಟ್ಟಿಗೆ ಉಳಿಯುತ್ತದೆ. ಆದರೆ ಅಲ್ಲಿ ಸಿಕ್ಕಿದ ನೀರು ಅಲ್ಲಿಯದೇ ಎನ್ನಲು ಆಧಾರ ಸಾಲದು. ಕೇಸಿಂಗ್ ಮುಗಿದ ಮೇಲೆ ಬೋರ್‌ನ ಗೋಡೆ ಬರಿಗಲ್ಲು. ಮೇಲಿನ ಬಿರುಕುಗಳ ನೀರು ಆ ಕೊಳವೆಯನ್ನೇ ದಾರಿ ಮಾಡಿಕೊಂಡು ಕೆಳಗಿಳಿಯುತ್ತದೆ, ಹತ್ತಾರು ಬೋರ್‌ಗಳಿರುವ ಊರಿನಲ್ಲಿ ಮೇಲಿನ ಪದರ ಬರಿದಾಗುವ ವೇಗ ಅದರಿಂದ ಹೆಚ್ಚುತ್ತದೆ. ಆಳಕ್ಕೆ ಹೋದವರಿಗೆ ಸಿಗುವ ನೀರಿನಲ್ಲಿ ಪಕ್ಕದವರ ತೆರೆದ ಬಾವಿಯ ನೀರೂ ಒಂದು ಪಾಲು ಇದ್ದೀತು.

ಸರ್ಕಾರಿ ವೀಕ್ಷಣಾ ಬಾವಿಗಳ ದಾಖಲೆ ಇದಕ್ಕೆ ವಿರುದ್ಧವಾದ ಕಥೆ ಹೇಳಿತ್ತು. ದಕ್ಷಿಣ ಭಾರತದಲ್ಲಿ ಅಂತರ್ಜಲ ಚೇತರಿಸಿಕೊಳ್ಳುತ್ತಿದೆ ಎಂಬ ತೀರ್ಮಾನ ಆ ಅಂಕಿಗಳಿಂದ ಹೊರಟಿತು. ತೇಜಸ್ವಿ ಹೋರಾ, ವೀಣಾ ಶ್ರೀನಿವಾಸನ್, ನಂದಿತಾ ಬಸು 2019ರಲ್ಲಿ ಆ ಲೆಕ್ಕದ ದೋಷವನ್ನು ಬಯಲಿಗೆಳೆದರು. ಬತ್ತಿದ ಬಾವಿಯಲ್ಲಿ ಅಳೆಯಲು ನೀರಿಲ್ಲ, ಹಾಗಾಗಿ ಅದು ಪಟ್ಟಿಯಿಂದ ಬಿಟ್ಟುಹೋಗುತ್ತದೆ; ಉಳಿಯುವುದು ನೀರಿರುವ ಬಾವಿಗಳು ಮಾತ್ರ. ಸರಾಸರಿ ಚೆನ್ನಾಗಿ ಕಾಣುವುದು ಸತ್ತವರನ್ನು ಎಣಿಸದ್ದರಿಂದ. ಕಲ್ಲಿನ ಶಾಸ್ತ್ರ ಬಲ್ಲವರಿಗೆ ಇದು ಅಚ್ಚರಿಯಾಗಬಾರದಿತ್ತು, ಏಕೆಂದರೆ ಇಂಥ ನೆಲದಲ್ಲಿ ಬಾವಿ ಮೆಲ್ಲನೆ ಇಳಿಯುವುದಿಲ್ಲ, ಗರಸಿನ ತಳ ದಾಟಿದ ಕೂಡಲೇ ಇಲ್ಲವಾಗುತ್ತದೆ.

ಕಬಿನಿ ಜಲಾನಯನದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ಶೇಖರ್ ಮತ್ತು ಫ್ರೆಂಚ್ ವಿಜ್ಞಾನಿಗಳು ಒಟ್ಟಾಗಿ ನಡೆಸಿದ ಅಧ್ಯಯನ ಇನ್ನೂ ಹತ್ತಿರದ ಸಾಕ್ಷಿ. ಗುಂಡ್ಲುಪೇಟೆಯ ಬೆರಂಬಾಡಿಯಲ್ಲಿ ಬೋರ್ ನೀರಾವರಿ ತಗ್ಗಿನ ಭೂಮಿಯಲ್ಲಿ ಮೊದಲು ಬೆಳೆಯಿತು, ಅಲ್ಲಿ ಮಣ್ಣು ಚೆನ್ನ. ಈಗ ನೀರಿನ ಮಟ್ಟ ತಗ್ಗಿನಲ್ಲೇ ಹೆಚ್ಚು ಆಳ, ದಿಣ್ಣೆಯಲ್ಲಿ ಕಡಿಮೆ. ಹಳ್ಳಕ್ಕೆ ನೀರು ಒಸರಬೇಕಿದ್ದ ನೆಲ ಹಳ್ಳದ ನೀರನ್ನೇ ಹೀರುವಂತಾಗಿದೆ. ಪಕ್ಕದ ಬಂಡೀಪುರ ಕಾಡಿನ ಮೂಲೆಹೊಳೆಯಲ್ಲಿ, 4.1 ಚದರ ಕಿಲೋಮೀಟರಿನ ಪುಟ್ಟ ಜಲಾನಯನದಲ್ಲಿ, ಮರಗಳ ಬೇರು ಕೊಳೆತ ಕಲ್ಲಿನ ಆಳದ ತೇವವನ್ನೂ ಎಳೆಯುವುದು ಕಂಡುಬಂತು; ಒಂದು ವರ್ಷದ ಮಳೆ ಅಂತರ್ಜಲಕ್ಕೆ ಎಷ್ಟು ಸೇರೀತೆಂಬುದು ಹಿಂದಿನ ವರ್ಷಗಳು ಬಿಟ್ಟುಹೋದ ತೇವವನ್ನೂ ಅವಲಂಬಿಸುತ್ತದೆ.

ನಾಲೆ ತುಂಬಿಸಿದ ಕಣಜ

ಶ್ರೀರಂಗಪಟ್ಟಣ ಮತ್ತು ಪಾಂಡವಪುರದ ನಾಲೆಬಯಲಿನ ಬೋರ್‌ಗಳು ಏಕೆ ಬದುಕಿವೆ ಎಂಬುದಕ್ಕೆ ಈಗ ಉತ್ತರ ಕೊಡಬಹುದು. ಅಲ್ಲಿನ ಕಲ್ಲಿನಲ್ಲಿ ಹೆಚ್ಚು ಬಿರುಕಿದೆ ಎಂದೇನಲ್ಲ. ನಾಲೆಯ ಸೋರಿಕೆ, ಗದ್ದೆಯಲ್ಲಿ ನಿಂತ ನೀರು ವರ್ಷವರ್ಷವೂ ಗರಸನ್ನು ತುಂಬಿಸುತ್ತಿವೆ. ತುಂಬಿ ಮಿಕ್ಕದ್ದೇ ತಗ್ಗಿನ ಜೌಗು. ನಾಗಮಂಗಲದ ದಿಣ್ಣೆಗೆ ಮಳೆಯೊಂದೇ ಗತಿ. 1997ರ ಅದೇ ಸೂಚಿಯಂತೆ ನೈಸ್ ನೆಲದಲ್ಲಿ ಮಳೆಯ ಶೇಕಡಾ 8ರಿಂದ 11ರಷ್ಟು ಒಳಗಿಳಿಯುತ್ತದೆ, ಬಿರುಕು ಕಡಿಮೆಯಿರುವ ಗಟ್ಟಿಕಲ್ಲಿನಲ್ಲಿ ಶೇಕಡಾ 1. ಹೈದರಾಬಾದಿನ ಅದೇ ಭೂಭೌತ ಸಂಸ್ಥೆಯ ಆರ್.ಎನ್. ಅಠವಳೆ ಮತ್ತು ಸಂಗಡಿಗರು ಮಣ್ಣಿಗೆ ಟ್ರಿಟಿಯಂ ಸೇರಿಸಿ ಅದು ಇಳಿದ ಆಳ ಅಳೆದು ಮಾಡಿದ ಅಂದಾಜುಗಳೂ ಕಲ್ಲುನೆಲದಲ್ಲಿ ಮಳೆಯ ಹತ್ತರಲ್ಲೊಂದು ಪಾಲಿನ ಆಸುಪಾಸಿನವೇ. 700 ಮಿಲಿಮೀಟರ್ ಮಳೆಗೆ ಒಳಗಿಳಿದದ್ದು 55ರಿಂದ 75 ಮಿಲಿಮೀಟರ್. ಕಬ್ಬು ವರ್ಷಕ್ಕೆ 1,500 ಮಿಲಿಮೀಟರಿಗೂ ಹೆಚ್ಚು ನೀರು ಕೇಳುವ ಬೆಳೆ. ಅದರ ಮೇಲೆ ಬಿದ್ದ ಮಳೆಯನ್ನು ಕಳೆದರೂ ಒಂದೆಕರೆ ಕಬ್ಬಿಗೆ ಸುತ್ತಲಿನ ಹನ್ನೊಂದರಿಂದ ಹದಿನೈದು ಎಕರೆಯ ಇಂಗುನೀರು ಬೇಕು. ಬಿರುಕು ಎಷ್ಟೇ ಅಗಲವಿರಲಿ, ಈ ಲೆಕ್ಕವನ್ನು ಅದು ಬದಲಿಸಲಾರದು.

ಹಾಗಾಗಿಯೇ ನಾಲೆಗೆ ಸಿಮೆಂಟ್ ಹೊದಿಸುವ ಆಧುನೀಕರಣವನ್ನು ಬರೀ ಉಳಿತಾಯವೆಂದು ಎಣಿಸುವುದು ತಪ್ಪು. ಕೊನೆಯ ಭಾಗದ ರೈತರಿಗೆ ನೀರು ಮುಟ್ಟಿಸಲು ಅದು ಬೇಕು, ಒಪ್ಪುತ್ತೇನೆ. ಆದರೆ ಸೋರಿಕೆಯೆಂದು ಬರೆದುಕೊಂಡ ನೀರಿನ ಒಂದು ಪಾಲು ಪಕ್ಕದ ಬಾವಿಗಳ ಆದಾಯವಾಗಿತ್ತು. ಕೆರೆ ತುಂಬಿಸುವ ಯೋಜನೆಗಳ ಮಾತೂ ಇಲ್ಲಿಗೆ ಸೇರುತ್ತದೆ. ಬೆಂಗಳೂರಿನ ಸಂಸ್ಕರಿಸಿದ ನೀರನ್ನು 2018ರಿಂದ ಕೋಲಾರದ ಕೆರೆಗಳಿಗೆ ಹರಿಸಿದಾಗ ಸುತ್ತಲಿನ ಬಾವಿಗಳು ಏರಿದ್ದು ಗರಸಿನ ವಾದಕ್ಕೆ ಬೆಂಬಲ. ಅದೇ ಹೊತ್ತಿಗೆ, ಬಿರುಕು ನೀರನ್ನು ಸೋಸದೆ ಸಾಗಿಸುವ ದಾರಿಯಾದ್ದರಿಂದ ಕೆರೆಯ ನೀರಿನ ಗುಣದ ಬಗ್ಗೆ ಎತ್ತಿದ ಆತಂಕಕ್ಕೂ ಆಧಾರವಿದೆ. ಹೇಮಾವತಿ ನಾಲೆಯಿಂದ ತುಂಬುವ ಕೆರೆಗಳ ಬಳಿ ಗರಸಿನ ವಾದವನ್ನು ಇನ್ನೂ ಸ್ಪಷ್ಟವಾಗಿ ಪರೀಕ್ಷಿಸಬಹುದು, ಅಲ್ಲಿಗೆ ಬರುವುದು ಹೊಳೆಯ ನೀರು.

ಇನ್ನೂ ತೀರದ್ದು

ಉಳಿದ ಪ್ರಶ್ನೆಗಳಲ್ಲಿ ದೊಡ್ಡದು ಆಳದ ಬಿರುಕುಗಳದು. ಮುನ್ನೂರು ಅಡಿಯ ಕೆಳಗೆ ನೈಸಿನಲ್ಲಿ ಒಟ್ಟು ಎಷ್ಟು ನೀರು ಕೂಡಿದೆ, ಅದು ಎಷ್ಟು ಹಳೆಯದು, ತಿರುಗಿ ತುಂಬಲು ಎಷ್ಟು ಕಾಲ ಬೇಕು ಎಂಬುದು ಇತ್ಯರ್ಥವಾಗಿಲ್ಲ. ಮಾದರಿ ತೆಗೆಯುವ ಬೋರ್‌ನಲ್ಲೇ ಮೇಲಿನ ಮತ್ತು ಕೆಳಗಿನ ನೀರು ಬೆರೆತಿರುವುದರಿಂದ ವಯಸ್ಸಿನ ಪರೀಕ್ಷೆಯೂ ಮಸುಕಾಗುತ್ತದೆ. ಮಳೆಯ ಎಷ್ಟು ಪಾಲು ಮಣ್ಣಿನ ಮೂಲಕ ನಿಧಾನವಾಗಿ ಇಳಿಯುತ್ತದೆ, ಎಷ್ಟು ಪಾಲು ಬೇರುಗಳ ತೂತು, ಬಂಡೆಯ ಸಂದಿ ಹಿಡಿದು ನೇರವಾಗಿ ನುಗ್ಗುತ್ತದೆ ಎಂಬುದು ಎರಡನೆಯದು. ಟ್ರಿಟಿಯಂ ವಿಧಾನ ಮೊದಲನೆಯದನ್ನು ಅಳೆದು ಎರಡನೆಯದನ್ನು ಬಿಟ್ಟುಬಿಡುತ್ತದೆ. ಹೂಳು ಕೂತ ಕೆರೆಯ ತಳ ಎಷ್ಟು ಇಂಗಿಸುತ್ತದೆ, ಹೂಳೆತ್ತಿದರೆ ಎಷ್ಟು ವರ್ಷ ಫಲ ಎಂಬುದಕ್ಕೆ ಕೆರೆಗೊಂದು ಉತ್ತರ ಬರುತ್ತಿದೆ. ಕಲ್ಲುಗಣಿಯ ಸಿಡಿತ ಬಿರುಕುಗಳನ್ನು ಬದಲಿಸುತ್ತದೆಯೇ ಎಂಬ ವಿವಾದವೂ ಇದೆ. ಪಾಂಡವಪುರದ ಬೇಬಿಬೆಟ್ಟದ ಕಲ್ಲುಗಣಿಗಳ ವಿಷಯದಲ್ಲಿ ಚರ್ಚೆಯೆಲ್ಲ ಕನ್ನಂಬಾಡಿ ಕಟ್ಟೆಯ ಸುರಕ್ಷತೆಯ ಸುತ್ತ ನಡೆದು, 2024ರ ಜನವರಿಯಲ್ಲಿ ಹೈಕೋರ್ಟ್ ಕಟ್ಟೆಯ 20 ಕಿಲೋಮೀಟರ್ ಸುತ್ತ ಗಣಿಗಾರಿಕೆ ನಿಲ್ಲಿಸಲು ಹೇಳಿತು. ಸುತ್ತಲಿನ ಬಾವಿಗಳ ಮೇಲಿನ ಪರಿಣಾಮ ಆ ಚರ್ಚೆಯ ಅಂಚಿನಲ್ಲೇ ಉಳಿದಿದೆ.

ಇವುಗಳಲ್ಲಿ ಅರ್ಧಕ್ಕೆ ಉತ್ತರ ಕೊಡಬಲ್ಲ ಮಾಹಿತಿ ಪ್ರತಿ ಬೋರ್ ಕೊರೆಯುವಾಗಲೂ ಕಣ್ಣೆದುರೇ ಹಾದುಹೋಗುತ್ತದೆ. ಕೇಸಿಂಗ್ ಎಷ್ಟು ಅಡಿಗೆ ನಿಂತಿತು, ಧೂಳು ಯಾವ ಆಳದಲ್ಲಿ ಒದ್ದೆಯಾಯಿತು, ಪ್ರತಿ ಸೆಲೆಯಲ್ಲಿ ನೀರು ಎಷ್ಟು ಹೆಚ್ಚಿತು: ರಿಗ್ಗಿನವರಿಗೆ ಇದು ಗೊತ್ತು, ಬಿಲ್ಲಿನಲ್ಲಿ ಕಾಣುವುದು ಒಟ್ಟು ಅಡಿ ಮಾತ್ರ. ಅಂತರ್ಜಲದ ಬಳಕೆ ನಿಯಂತ್ರಿಸುವ ಕಾನೂನು ರಾಜ್ಯದಲ್ಲಿ 2011ರಿಂದಲೂ ಇದೆ. ಬೋರ್ ಕೊರೆಸುವವರು ಈ ಮೂರು ಅಂಕಿಗಳನ್ನು ರಿಗ್ಗಿನವರಿಂದ ಬರೆಸಿಕೊಂಡು ಗ್ರಾಮ ಪಂಚಾಯಿತಿಗೆ ಕೊಡಲಿ, ಫೇಲಾದ ಬೋರ್‌ನದನ್ನೂ ತಪ್ಪದೆ ಕೊಡಲಿ, ಪಂಚಾಯಿತಿ ಅದನ್ನು ಊರಿನ ನಕ್ಷೆಯಲ್ಲಿ ಗುರುತಿಸಲಿ. ನಾಗಮಂಗಲ ಮತ್ತು ಕೆ.ಆರ್. ಪೇಟೆಯ ಪಂಚಾಯಿತಿಗಳು ಇದನ್ನು ಈ ಬೇಸಗೆಯಿಂದಲೇ ಶುರುಮಾಡಬಹುದು.